ಸರ್ವರ್ ಇದೆ, ದಾರಿ ಇಲ್ಲ

ಸಂಪಾದಕರಿಗೆ,

ಅಡಿಕೆ ತೂಗಿಸಿ ಚೀಟಿಗಾಗಿ ಕಾದಿದ್ದ ಕೃಷಿಕರನ್ನು ‘ಸರ್ವರ್ ಇಲ್ಲ’ ಎಂದು ಹಿಂದೆ ಕಳುಹಿಸಿದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿ ಬೇಸರವಾಯಿತು. ಕಾಸರಗೋಡು, ಮಂಗಳೂರು ಕಡೆಯ ಕಚೇರಿಗಳ ನೆಟ್‌ವರ್ಕ್ ಕೆಲಸವೇ ನನ್ನ ವೃತ್ತಿ. ನಾನು ಕಂಡಂತೆ, ಸರ್ವರ್ ಸರಿಯಾಗಿಯೇ ಇದ್ದು ಅಲ್ಲಿಗೆ ಹೋಗುವ ದಾರಿ ಕೆಟ್ಟಿರುವುದೇ ಹೆಚ್ಚು.

ದೂರದ ಕಚೇರಿಗಳನ್ನು ಟೆಲಿಫೋನ್ ಕಂಪನಿಯ ಲೈನಿನ ಮೂಲಕ ಜೋಡಿಸುತ್ತಿದ್ದ ಫ್ರೇಮ್ ರಿಲೇ ಎಂಬ ಹಳೆಯ ವ್ಯವಸ್ಥೆಯ ಕಾಲದಲ್ಲಿ ವ್ಯಾಪಾರ ಸಂಸ್ಥೆಯೊಂದಕ್ಕೆ ಮಂಗಳೂರಿನಲ್ಲಿ ಕೇಂದ್ರವಿತ್ತು, ಬದಿಯಡ್ಕ ಮತ್ತು ಮಂಜೇಶ್ವರದಲ್ಲಿ ಶಾಖೆಗಳಿದ್ದವು. ಶಾಖೆಗಳಿಗೆ ಕೇಂದ್ರದೊಂದಿಗೆ ಒಂದೊಂದು ವರ್ಚುವಲ್ ಸರ್ಕ್ಯೂಟ್, ಎಂದರೆ ಆ ಲೈನಿನೊಳಗೆ ಗೊತ್ತುಮಾಡಿದ ದಾರಿ. ಶಾಖೆಗಳ ನಡುವೆ ನೇರ ಸಂಪರ್ಕವಿಲ್ಲ. ಸಂದೇಶಗಳನ್ನು ಸರಿಯಾದ ದಾರಿಗೆ ಕಳುಹಿಸುವ ರೂಟರುಗಳಲ್ಲಿ ಓಎಸ್‌ಪಿಎಫ್, ಎಂದರೆ ರೂಟರುಗಳು ದಾರಿಗಳನ್ನು ಪರಸ್ಪರ ತಿಳಿಸಿಕೊಳ್ಳುವ ಕ್ರಮ. ಬದಿಯಡ್ಕದ ರೂಟಿಂಗ್ ಪಟ್ಟಿಯಲ್ಲಿ ಮಂಜೇಶ್ವರದ ದಾರಿ ಕಾಣುತ್ತಿತ್ತು, ತಲುಪುತ್ತದೆಯೇ ಎಂದು ನೋಡಲು ಕಳುಹಿಸುವ ಪಿಂಗ್ ಸಂದೇಶ ಮಾತ್ರ ಹೋಗುತ್ತಿರಲಿಲ್ಲ. ಎಲ್ಲರೂ ಟೆಲಿಫೋನ್ ಲೈನನ್ನು ದೂರಿದರು. ಲೈನಿನಲ್ಲಿ ದೋಷವಿರಲಿಲ್ಲ. ಮೂರೂ ಕಚೇರಿಗಳು ಒಂದೇ ತಂತಿಯಲ್ಲಿವೆ ಎಂಬ ಲೆಕ್ಕದಲ್ಲಿ ಓಎಸ್‌ಪಿಎಫ್ ಮಂಜೇಶ್ವರದ ರೂಟರಿನ ವಿಳಾಸವನ್ನೇ ಮುಂದಿನ ಹೆಜ್ಜೆ ಎಂದು ತೋರಿಸುತ್ತಿತ್ತು. ಆ ವಿಳಾಸಕ್ಕೆ ಯಾವ ಡಿಎಲ್‌ಸಿಐ (ಸರ್ಕ್ಯೂಟಿನ ಸಂಖ್ಯೆ) ಎಂಬುದು ಬದಿಯಡ್ಕದ ರೂಟರಿಗೆ ತಿಳಿದಿರಲಿಲ್ಲ.

ಮೂರೂ ಕಡೆ ಓಎಸ್‌ಪಿಎಫ್‌ನ ನೆಟ್‌ವರ್ಕ್ ವಿಧವನ್ನು ಪಾಯಿಂಟ್ ಟು ಮಲ್ಟಿಪಾಯಿಂಟ್ (ಒಂದು ಕಡೆಯಿಂದ ಹಲವು ಕಡೆಗೆ) ಎಂದು ಬದಲಿಸಿದೆವು. ಮುಂದಿನ ಹೆಜ್ಜೆ ಕೇಂದ್ರವೇ ಆಯಿತು, ಪಿಂಗ್ ಹೋಯಿತು. ಮೂರೂ ಕಡೆ ಎಂದದ್ದನ್ನು ಗಮನಿಸಬೇಕು. ಒಂದು ತುದಿಯನ್ನು ಪಾಯಿಂಟ್ ಟು ಪಾಯಿಂಟ್ (ಎರಡೇ ತುದಿಗಳ ಸಂಪರ್ಕ) ಎಂದು ಬಿಟ್ಟರೆ ಅಲ್ಲಿ ರೂಟರುಗಳು ಒಂದನ್ನೊಂದು ಗುರುತಿಸಲು ಕಳುಹಿಸುವ ಹೆಲೋ ಸಂದೇಶ 10 ಸೆಕೆಂಡಿಗೊಮ್ಮೆ, ಇನ್ನೊಂದು ತುದಿಯಲ್ಲಿ 30 ಸೆಕೆಂಡಿಗೊಮ್ಮೆ. ಅವಧಿ ಹೊಂದದಿದ್ದರೆ ರೂಟರುಗಳು ನೆರೆಯವರಾಗುವುದೇ ಇಲ್ಲ.

ಫ್ರೇಮ್ ರಿಲೇ ಹೋಯಿತು, ಇನ್ನೇಕೆ ಈ ಮಾತು ಎನ್ನುವವರಿದ್ದಾರೆ. 2016ರಲ್ಲಿ ಸಿಸಿಎನ್‌ಎ ಎಂಬ ನೆಟ್‌ವರ್ಕ್ ಪರೀಕ್ಷೆಯ ಪಠ್ಯದಿಂದಲೂ ಅದು ಹೊರಬಿತ್ತು. ಆದರೆ ಬ್ರಾಡ್‌ಬ್ಯಾಂಡ್ ಮೇಲೆ ಈಗ ಕಟ್ಟುವ ಡಿಎಂವಿಪಿಎನ್ ಎಂಬ ಖಾಸಗಿ ಜಾಲದಲ್ಲೂ ಇಂಥದೇ ತೊಡಕು ಇದೆ. ಅದರಲ್ಲಿ ಇಂಟರ್ನೆಟ್ಟಿನೊಳಗೆ ಕೇಂದ್ರ, ಶಾಖೆಗಳನ್ನು ಜೋಡಿಸುವ ಸುರಂಗಕ್ಕೆ (ಟನಲ್) ಓಎಸ್‌ಪಿಎಫ್ ತಾನಾಗಿ ಕೊಡುವ ವಿಧ ಪಾಯಿಂಟ್ ಟು ಪಾಯಿಂಟ್. ಅದನ್ನು ಬದಲಿಸದೆ ಎರಡನೆಯ ಶಾಖೆಯನ್ನು ಸೇರಿಸಿದರೆ ಕೇಂದ್ರದೊಂದಿಗಿನ ಸಂಬಂಧ ಕಡಿಯುತ್ತ, ಕೂಡುತ್ತ ಇರುತ್ತದೆ. ಕೌಂಟರಿನಲ್ಲಿ ಕುಳಿತವರಿಗೆ ಕಾಣುವುದು ‘ಸರ್ವರ್ ಇಲ್ಲ’ ಅಷ್ಟೇ.

ಗಡಿನಾಡಿನ ಶಾಖೆಗಳಿಗೆ ತಂತ್ರಜ್ಞರು ದೂರದ ಊರುಗಳಿಂದ ಬರುತ್ತಾರೆ, ಏನು ಹೊಂದಿಸಿದೆವೆಂದು ಬರೆದಿಡದೆ ಹೋಗುತ್ತಾರೆ. ಇದು ನನಗೆ ಸಹಿಸಲಾಗದ ಅಭ್ಯಾಸ. ಪ್ರತಿ ಶಾಖೆಯ ವಿಳಾಸ, ನೆಟ್‌ವರ್ಕ್ ವಿಧ, ಹೆಲೋ ಅವಧಿ ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಸಿಕೊಂಡು, ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ಪಿಂಗ್ ಮಾಡಿಸಿ ನೋಡಿದ ಮೇಲೆಯೇ ಸಂಸ್ಥೆಗಳ ಆಡಳಿತ ಮಂಡಳಿಗಳು ಬಿಲ್ಲಿಗೆ ಸಹಿ ಹಾಕಲಿ.

– ಒಬ್ಬ ನೆಟ್‌ವರ್ಕ್ ತಂತ್ರಜ್ಞ, ಬದಿಯಡ್ಕ