ಈಜುಕೊಳದ ದಡದಲ್ಲಿ ಡಬ್ಬಿ ವ್ಯಾಪಾರ

ಮಾನ್ಯರೇ,

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವನು ನಾನು. ಚಿಲ್ಲರೆ ಲೆಕ್ಕ ಬಿಟ್ಟರೆ ಬೇರೆ ವಿದ್ಯೆ ಬಾರದು. ಈಗ ಹದಿಮೂರು ವರ್ಷದ ಮೊಮ್ಮಗಳನ್ನು ಬೆಳಿಗ್ಗೆ ಐದಕ್ಕೆ ಈಜುಕೊಳಕ್ಕೆ ಕರೆದೊಯ್ಯುವ ಕೆಲಸ ನನ್ನದು. ಅಲ್ಲಿನ ತರಬೇತುದಾರರು ಮೊನ್ನೆ ಪೋಷಕರನ್ನೆಲ್ಲ ಸೇರಿಸಿ ಪ್ರೋಟೀನ್ ಪುಡಿಯ ಡಬ್ಬಿ ತೋರಿಸಿದರು. ಕೆ.ಜಿ.ಗೆ 3,300 ರೂಪಾಯಿ, ಅದೂ ಅವರ ಬಳಿಯೇ ಕೊಳ್ಳಬೇಕು. ‘ನಿಮ್ಮ ಹುಡುಗಿ ಕೊನೆಯ ಐವತ್ತು ಮೀಟರ್‌ನಲ್ಲಿ ಸೋಲುವುದು ಪ್ರೋಟೀನ್ ಸಾಲದೆ’ ಎಂದು ನನಗೆ ಎಲ್ಲರೆದುರು ಹೇಳಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಡಬ್ಬಿಯಲ್ಲಿರುವುದು 33 ಚಮಚ. ಚಮಚಕ್ಕೆ ನೂರು ರೂಪಾಯಿ, ಪ್ರೋಟೀನ್ 24 ಗ್ರಾಂ. ನಾಲ್ಕು ಮೊಟ್ಟೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದೆ, ನಮ್ಮ ಬೀದಿಯ ಅಂಗಡಿಯಲ್ಲಿ ಅದಕ್ಕೆ ಮೂವತ್ತು ರೂಪಾಯಿ ಚಿಲ್ಲರೆ. ಮೊಟ್ಟೆ ತಿನ್ನದವರಿಗೆ ನೂರು ಗ್ರಾಂ ಹೆಸರುಕಾಳಿದೆ.

ಆದರೂ ಮಗು ಸುಸ್ತಾಗುತ್ತಿದ್ದದ್ದು ನಿಜ. ವೈದ್ಯರಿಗೆ ತೋರಿಸಿದಾಗ ಹಿಮೋಗ್ಲೋಬಿನ್ 10.2 ಎಂದು ಬಂತು. ಕೊರತೆ ಇದ್ದದ್ದು ಕಬ್ಬಿಣಾಂಶದ್ದು! ಮಾತ್ರೆಯ ಜೊತೆಗೆ ಸೊಪ್ಪಿನ ಸಾರಿಗೆ ನಿಂಬೆ ಹಿಂಡಿ ಕೊಡಿ, ಊಟವಾದ ಕೂಡಲೇ ಚಹಾ ಬೇಡ ಎಂದರು. (ಚಹಾ ಕುಡಿಸುತ್ತಿದ್ದವನು ನಾನೇ.) ಈಜುವಾಗ ಮೈಭಾರವನ್ನು ನೀರೇ ಹೊರುವುದರಿಂದ ಓಟದಲ್ಲಿ ಆಗುವಷ್ಟು ಮೂಳೆ ಗಟ್ಟಿಯಾಗುವುದಿಲ್ಲವಂತೆ. ರಾಗಿ ಬಿಡಬೇಡಿ ಎಂದರು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯಂತೆ. ಮಂಡ್ಯದವನಾದ ನನಗೆ ಇದನ್ನು ಹೇಳಿಸಿಕೊಳ್ಳುವ ಪಾಳಿ ಬಂತು. ಈಗ ಅಭ್ಯಾಸಕ್ಕೆ ಮೊದಲು ಒಂದು ಬಾಳೆಹಣ್ಣು, ನೀರಿನಿಂದ ಮೇಲೆ ಬಂದ ಅರ್ಧ ಗಂಟೆಯೊಳಗೆ ರಾಗಿ ದೋಸೆ, ಮೊಟ್ಟೆ. ನೀರಿನಲ್ಲಿಯೂ ಬೆವರುತ್ತಾರೆ, ಕಾಣುವುದಿಲ್ಲ ಅಷ್ಟೇ. ಆದ್ದರಿಂದ ದಡದಲ್ಲಿ ಅವಳ ನೀರಿನ ಬಾಟಲಿ ಇರುತ್ತದೆ.

ತರಬೇತುದಾರರು ಮಾತಿಗೊಮ್ಮೆ ಅಮೆರಿಕದ ಒಲಿಂಪಿಕ್ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಸರು ಹೇಳುತ್ತಾರೆ. ದಿನಕ್ಕೆ 12,000 ಕ್ಯಾಲರಿ ತಿನ್ನುತ್ತಿದ್ದರೆಂಬ ಸುದ್ದಿ ಉತ್ಪ್ರೇಕ್ಷೆಯೆಂದು ಸ್ವತಃ ಫೆಲ್ಪ್ಸ್ ಅವರೇ ಹೇಳಿದ್ದಾರೆ. ಆ ಸುದ್ದಿಯ ಪಟ್ಟಿಯಲ್ಲಿಯೂ ಎದ್ದು ಕಾಣುವುದು ಮೊಟ್ಟೆಯ ಸ್ಯಾಂಡ್‌ವಿಚ್, ಪಾಸ್ತಾ, ಪಿಜ್ಜಾಗಳೇ.

ದುಡ್ಡು ಹೋದರೆ ಹೋಯಿತು. ಇಂಥ ಪುಡಿಗಳಲ್ಲಿ ಚೀಟಿಯ ಮೇಲೆ ಬರೆಯದ ನಿಷೇಧಿತ ವಸ್ತು ಬೆರೆತಿದ್ದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಉದ್ದೀಪನ ಮದ್ದು ತಡೆ ನಿಯಮದ ಪ್ರಕಾರ ಮೈಯೊಳಗೆ ಸಿಕ್ಕಿದ್ದಕ್ಕೆಲ್ಲ ಕ್ರೀಡಾಪಟುವೇ ಹೊಣೆ. ಡಬ್ಬಿ ಮಾರಿದವರ ಹೆಸರು ಹೇಳಿದ ಮಾತ್ರಕ್ಕೆ ಪಾರಾಗಲು ಆಗದು. ಹದಿಮೂರರ ಮಗುವಿಗೆ ಈ ಗಂಡಾಂತರ ಏಕೆ?

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಈಜುಕೊಳಗಳಲ್ಲಿ ತರಬೇತುದಾರರು ಇಂಥ ಪುಡಿ ಮಾರುವುದನ್ನು ನಿಲ್ಲಿಸಬೇಕು. ಮೂರು ತಿಂಗಳಿಗೊಮ್ಮೆ ಪೌಷ್ಟಿಕ ಆಹಾರ ತಜ್ಞರನ್ನು ಕರೆಸಿ ಪೋಷಕರ ಜೊತೆ ಮಾತನಾಡಿಸಬೇಕು.

ಡಬ್ಬಿ ಬೇಡವೆಂದ ಮರುದಿನದಿಂದ ಮೊಮ್ಮಗಳನ್ನು ಗೋಡೆಯ ಪಕ್ಕದ ಲೇನ್‌ಗೆ ಹಾಕಿದ್ದಾರೆ. ಅಲ್ಲಿ ಅಲೆ ಹೆಚ್ಚು. ಅಲ್ಲಿಯೇ ಈಜುತ್ತಿದ್ದಾಳೆ.

– ನಿವೃತ್ತ ಬಸ್ ಕಂಡಕ್ಟರ್, ಬೆಂಗಳೂರು