ಅವತ್ತು ಕಂಡಕ್ಟರಮ್ಮ ಸೀಟಿ ಹೊಡೆಯದಿದ್ದರೆ

ನಿನ್ನೆ ತುಮಕೂರಿನ ನಮ್ಮ ಡಿಪೋದಲ್ಲಿ ಹಾರ ಹಾಕಿ, ಶಾಲು ಹೊದಿಸಿ ಕಳಿಸಿಕೊಟ್ಟರು. ನನಗೆ 60 ತುಂಬಿತು. ಮೈಕ್ ಕೊಟ್ಟಾಗ ಗಂಟಲು ಕಟ್ಟಿತು. ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಡ್ರೈವರ್ ಆಗಿ ಸೇರಿದಾಗ ಪವರ್ ಸ್ಟೇರಿಂಗ್ ಇರಲಿಲ್ಲ. ಬಿ.ಎಚ್. ರೋಡಿನಲ್ಲಿ ಬಸ್ ತಿರುಗಿಸಲು ರಟ್ಟೆಯಲ್ಲಿ ಕಸುವು ಬೇಕಿತ್ತು. ಬಾನೆಟ್ ಕಾವಿಗೆ ಎಡಗಾಲು ಬೇಯುತ್ತಿತ್ತು. 'ಇದು ಗಂಡಸರ ಕೆಲಸ ಕಣೋ' ಅನ್ನುತ್ತಿದ್ದರು ಹಿರಿಯರು. ಅದರಲ್ಲಿ ದುಡಿಮೆಯ ಹೆಮ್ಮೆ ಇತ್ತು, ಇವತ್ತೂ ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಆ ಮಾತಿಗೆ ಬೇರೆಯವೂ ಅಂಟಿಕೊಂಡಿದ್ದವು. ಜ್ವರ ಬಂದರೂ ರಜೆ ಕೇಳಬಾರದು. ಹಿಂದಿನ ಗಾಡಿಗೆ ದಾರಿ ಬಿಡಬಾರದು. ನೋವು ಅಂತ ಬಾಯಿ ಬಿಡಬಾರದು.

ಆಮೇಲೆ ಸ್ಟೇರಿಂಗ್ ಹಗುರವಾಯಿತು. ಟಿಕೆಟ್ ಕಟ್ಟು ಹೋಗಿ ಮಷೀನ್ ಬಂತು. ಹೆಣ್ಣುಮಕ್ಕಳು ಖಾಕಿ ತೊಟ್ಟು ಕಂಡಕ್ಟರ್ ಆಗಿ ಬಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಂತೂ ಬಸ್ ತುಂಬಾ ಹೆಂಗಸರೇ. ನಾನು ಮಾತ್ರ ಹಳೇ ಪಾಠವನ್ನೇ ಹಿಡಿದುಕೊಂಡಿದ್ದೆ.

ಕಳೆದ ವರ್ಷ ಕ್ಯಾತ್ಸಂದ್ರ ಟ್ರಿಪ್. ಬಟವಾಡಿ ಹತ್ತಿರ ಎದೆ ಹಿಂಡಿದ ಹಾಗಾಯಿತು. ಮೈಯೆಲ್ಲ ಬೆವರು. ಗ್ಯಾಸ್ ಇರಬೇಕು ಅಂತ ಓಡಿಸುತ್ತಲೇ ಇದ್ದೆ. ಕಂಡಕ್ಟರಮ್ಮ ಮುಂದೆ ಬಂದು ನನ್ನ ಮುಖ ನೋಡಿದರು.

'ಅಣ್ಣಾ, ಸೈಡಿಗೆ ಹಾಕಿ.'

'ಏನಿಲ್ಲಮ್ಮ, ಟ್ರಿಪ್ ಮುಗಿಸ್ತೀನಿ.'

ಅವರು ವಾದ ಮಾಡಲಿಲ್ಲ. ಒಂದೇ ಸೀಟಿ ಹೊಡೆದರು. ಎಷ್ಟು ವರ್ಷದ ಅಭ್ಯಾಸ ಅಲ್ವಾ, ಕಾಲು ತಾನಾಗೇ ಬ್ರೇಕ್ ಮೇಲೆ ಹೋಯಿತು.

ನನ್ನನ್ನು ಆಸ್ಪತ್ರೆಗೆ ಸೇರಿಸಿ ದುಡ್ಡು ಬೇಡ ಅಂದ ಆಟೋದವರೇ, ನಿಮಗೆ ನಮಸ್ಕಾರ. ಸೆರಗಿನಿಂದ ನನ್ನ ಹಣೆ ಒರೆಸಿದ ಅಜ್ಜಿ, ನಿಮ್ಮ ಹೆಸರೂ ಕೇಳಲಾಗಲಿಲ್ಲ. ಸ್ಟೆಂಟ್ ಹಾಕಿದ ಡಾಕ್ಟರಿಗೆ, ನನ್ನ ಶಿಫ್ಟ್ ಎಳೆದ ಗೆಳೆಯರಿಗೆ ಋಣಿ.

ಆಮೇಲೆ ಡಿಪೋದಲ್ಲೇ ಲೈಟ್ ಡ್ಯೂಟಿ ಕೊಟ್ಟರು, ಗಾಡಿ ಓಡಿಸದ ಹಗುರ ಕೆಲಸ. ಅದು ಅವಮಾನ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಹೊಸ ಡ್ರೈವರ್ ಹುಡುಗನೊಬ್ಬ ಬಂದು, 'ರಾತ್ರಿ ಮಗು ನಿದ್ದೆ ಮಾಡೋಕೆ ಬಿಡಲಿಲ್ಲ, ಇವತ್ತು ಗಾಡಿ ಓಡಿಸಿದರೆ ತಪ್ಪಾಗುತ್ತೆ' ಅಂದ. ಯಾರೂ ನಗಲಿಲ್ಲ. ಮೆಕ್ಯಾನಿಕ್ ಒಬ್ಬರು ಟೀ ತಂದುಕೊಟ್ಟರು. ಅವನ ವಯಸ್ಸಿನಲ್ಲಿ ನನಗೆ ಆ ಧೈರ್ಯ ಇರಲಿಲ್ಲ. ತಮ್ಮಾ, ನಿನಗೂ ಥ್ಯಾಂಕ್ಸ್.

ನನ್ನ ಹೆಂಡತಿ ಸ್ಟೆಂಟ್ ಹಾಕಿದ ಮೇಲೆ ಮೂರು ತಿಂಗಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಅವಳೆದುರು ಮೊದಲ ಸಲ ಅತ್ತುಬಿಟ್ಟೆ. ಸುಮ್ನೆ ಪಕ್ಕದಲ್ಲಿ ಕೂತಿದ್ದಳು.

ಕಂಡಕ್ಟರಮ್ಮ, ಭಾನುವಾರ ಮನೆಯವರನ್ನೆಲ್ಲ ಕರೆದುಕೊಂಡು ಊಟಕ್ಕೆ ಬನ್ನಿ. ಮುದ್ದೆ ತೊಳಸುವುದು ನಾನೇ. ಸಾರು ಅವಳದು.