ಸಂವಿಧಾನಕ್ಕಿಂತ ಮೊದಲೇ ಆರಂಭವಾದ ಮತದಾರರ ಪಟ್ಟಿ

ಮಾನ್ಯ ಸಂಪಾದಕರೇ,

ನವೆಂಬರ್ 26ರ ಸಂವಿಧಾನ ದಿನಾಚರಣೆಯ ವರದಿಗಳನ್ನು ಪ್ರತಿವರ್ಷವೂ ತಮ್ಮ ಪತ್ರಿಕೆಯಲ್ಲಿ ಆಸ್ಥೆಯಿಂದ ಓದುತ್ತೇನೆ. ಪೀಠಿಕೆಯ ವಾಚನ, ಡಾ. ಅಂಬೇಡ್ಕರ್ ಅವರ ಭಾವಚಿತ್ರಕ್ಕೆ ಪುಷ್ಪಾರ್ಚನೆ, ಸಂವಿಧಾನ ರಚನಾ ಸಭೆಯ ಸುಮಾರು ಮೂರು ವರ್ಷಗಳ ಶ್ರಮದ ಸ್ಮರಣೆ ಎಲ್ಲವೂ ಆಗಬೇಕಾದದ್ದೇ. ಆದರೆ ದೆಹಲಿಯಲ್ಲಿ ವಿಧಿವಿಧಿಯಾಗಿ ಚರ್ಚೆ ನಡೆಯುತ್ತಿದ್ದ ಕಾಲದಲ್ಲೇ ಊರೂರುಗಳಲ್ಲಿ ನಡೆದ ಇನ್ನೊಂದು ಕೆಲಸವನ್ನು, ಅಂದರೆ ವಯಸ್ಕರೆಲ್ಲರನ್ನೂ ಒಳಗೊಂಡ ಮೊದಲ ಮತದಾರರ ಪಟ್ಟಿಯ ತಯಾರಿಯನ್ನು, ಈ ಸಮಾರಂಭಗಳಲ್ಲಿ ಯಾರೂ ನೆನೆಯದಿರುವುದು ನನಗೆ ಬೇಸರದ ಸಂಗತಿ.

ಸಂವಿಧಾನ ರಚನಾ ಸಭೆಯನ್ನು ಜನರು ನೇರವಾಗಿ ಆರಿಸಿರಲಿಲ್ಲ. ಆಸ್ತಿ, ತೆರಿಗೆ, ವಿದ್ಯೆಯಂಥ ಅರ್ಹತೆ ಇದ್ದವರಷ್ಟೇ ಮತ ಹಾಕಿದ್ದ ಪ್ರಾಂತೀಯ ಚುನಾವಣೆಗಳಲ್ಲಿ ಗೆದ್ದು ಬಂದ ಶಾಸಕರು ಅದರ ಬಹುಪಾಲು ಸದಸ್ಯರನ್ನು ಕಳಿಸಿದ್ದರು. ಉಳಿದವರು ಸಂಸ್ಥಾನಗಳ ಪ್ರತಿನಿಧಿಗಳು. ಅಂಥ ಸಭೆಯೇ, ಓದುಬರಹ ಬಲ್ಲವರು ಐವರಲ್ಲಿ ಒಬ್ಬರೂ ಇರದಿದ್ದ ದೇಶದಲ್ಲಿ, 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತದ ಹಕ್ಕು ಕೊಡಲು ನಿರ್ಧರಿಸಿತು. ಸಂವಿಧಾನ ಮುಗಿಯಲಿ, ಆಮೇಲೆ ಪಟ್ಟಿ ಮಾಡೋಣ ಎಂದು ಕಾಯಲೂ ಇಲ್ಲ. ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾವ್ ಅವರು ಸಾಂವಿಧಾನಿಕ ಸಲಹೆಗಾರರಾಗಿದ್ದ ಆ ಸಭೆಯ ಸಚಿವಾಲಯ, 1948ರಲ್ಲೇ ಪ್ರಾಂತ್ಯಗಳಿಗೂ ಸಂಸ್ಥಾನಗಳಿಗೂ ಪಟ್ಟಿ ತಯಾರಿಯ ಸೂಚನೆಗಳನ್ನು ಕಳಿಸಿತ್ತು.

ಆ ಪಟ್ಟಿಯ ಅನುಭವ ಸಂವಿಧಾನವನ್ನೇ ತಿದ್ದಿತು ಎಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು. 1948ರ ಕರಡಿನಲ್ಲಿ ರಾಜ್ಯಗಳ ಚುನಾವಣೆಗೆ ಬೇರೆ ಬೇರೆ ಆಯೋಗಗಳ ಏರ್ಪಾಡಿತ್ತು. 1949ರ ಜೂನ್ 15ರಂದು ಅಂಬೇಡ್ಕರ್ ಅವರು ಅದನ್ನು ಕೈಬಿಟ್ಟು ಇಡೀ ದೇಶಕ್ಕೆ ಒಂದೇ ಸ್ವತಂತ್ರ ಆಯೋಗ ಇರಬೇಕೆಂಬ ತಿದ್ದುಪಡಿ ಮಂಡಿಸಿದರು. ಕೆಲವು ಪ್ರಾಂತ್ಯಗಳಲ್ಲಿ ಜನಾಂಗ, ಸಂಸ್ಕೃತಿ, ಭಾಷೆಯಿಂದ ಬೇರೆಯಾದವರನ್ನು ಪಟ್ಟಿಗೆ ಸೇರಿಸದೆ ಹೊರಗಿಡಲಾಗುತ್ತಿದೆ ಎಂಬ ದೂರುಗಳು ಬಂದಿವೆ ಎಂದು ಅವರು ಸಭೆಗೆ ತಿಳಿಸಿದರು. ಈ ಒಂದೇ ಚುನಾವಣಾ ಆಯೋಗಕ್ಕೆ ಆಧಾರವಾದ ಇಂದಿನ 324ನೇ ವಿಧಿಯ ಹಿಂದೆ ಹೀಗೆ ಹೆಸರು ಬಿಟ್ಟುಹೋದ ಸಾಮಾನ್ಯರ ಸಂಕಟವಿದೆ. ಸಂವಿಧಾನದ ಬಹುಭಾಗ 1950ರ ಜನವರಿ 26ರಂದು ಜಾರಿಗೆ ಬಂದರೂ ಈ ವಿಧಿಯನ್ನು, ಪೌರತ್ವದ ವಿಧಿಗಳ ಜೊತೆಗೆ, ಎರಡು ತಿಂಗಳು ಮೊದಲೇ, ಅಂಗೀಕಾರದ ದಿನವೇ, ಜಾರಿಗೊಳಿಸಲಾಯಿತು.

ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಅವರ ಕಾಲಕ್ಕೆ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ಆದರೆ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರಿಂದ ಅವರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಇವರಲ್ಲಿ ಹೆಚ್ಚಿನವರು ಉತ್ತರ ಭಾರತದವರು.

ಇದನ್ನು ಓದಿದಾಗಲೆಲ್ಲ ನನಗೆ ನಾನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿದ್ದ ದಿನಗಳು ನೆನಪಾಗುತ್ತವೆ. ಶಾಲೆ ಬಿಟ್ಟ ಮೇಲೆ ಮನೆಮನೆ ತಿರುಗಿ, ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ತುಂಬಿಸುತ್ತಿದ್ದೆ. ಒಬ್ಬ ಅಜ್ಜಿ ತನ್ನ ಹೆಸರನ್ನು ಗಟ್ಟಿಯಾಗಿಯೇ ಹೇಳಿದರು. ಗಂಡನ ಹೆಸರು ಕೇಳಿದೊಡನೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೊಮ್ಮಗನ ಕಡೆ ಕೈ ತೋರಿಸಿದರು. ಆ ಹುಡುಗ ಹೇಳಿದ ಹೆಸರನ್ನು ನಾನು ಬರೆದುಕೊಂಡೆ, ಅಜ್ಜಿಯ ಹೆಸರು ಪಟ್ಟಿಗೆ ಸೇರಿತು. ಅದೇ ಊರಿನ ಕಲ್ಲುಕ್ವಾರಿಯ ಶೆಡ್ಡುಗಳ ಮುಂದೆ ಮಾತ್ರ ಜೊತೆಗಿದ್ದ ಒಬ್ಬರು, ‘ಇವರು ಹೊರಗಿನವರು, ಬಿಟ್ಟುಬಿಡಿ ಮೇಡಂ’ ಎಂದರು. ಆ ಕುಟುಂಬಗಳು ಏಳು ವರ್ಷದಿಂದ ಅಲ್ಲಿಯೇ ಇದ್ದವು. ಅವರ ಮಕ್ಕಳು ನನ್ನ ತರಗತಿಯಲ್ಲೇ ಕೂರುತ್ತಿದ್ದರು. ನಾನು ಅರ್ಜಿಗಳನ್ನು ತುಂಬಿಸಿಕೊಟ್ಟೆ, ಆದರೆ ಎಲ್ಲರ ಹೆಸರೂ ಅಂತಿಮ ಪಟ್ಟಿಯಲ್ಲಿ ಬರಲಿಲ್ಲ. 1949ರಲ್ಲಿ ಅಂಬೇಡ್ಕರ್ ಅವರು ಸಭೆಯ ಮುಂದಿಟ್ಟ ದೂರಿನ ಅರ್ಥ ನನಗೆ ಪೂರ್ತಿಯಾಗಿ ಆದದ್ದು ಆಗಲೇ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನದೊಂದು ಕೋರಿಕೆ. ಸಂವಿಧಾನ ದಿನದಂದು ಶಾಲೆಗಳಲ್ಲಿ ಪೀಠಿಕೆಯ ಜೊತೆಗೆ 1949ರ ಜೂನ್ 15ರ ಚರ್ಚೆಯ ಆಯ್ದ ಭಾಗವನ್ನೂ ಕನ್ನಡದಲ್ಲಿ ಓದಿಸಬೇಕು. ಅದೇ ದಿನ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜನರನ್ನು ಸೇರಿಸಿ, ವಾರ್ಡುವಾರು ಮತದಾರರ ಪಟ್ಟಿಯನ್ನೂ, ಆ ವರ್ಷ ತೆಗೆದುಹಾಕಿದ ಹೆಸರುಗಳನ್ನೂ ಗಟ್ಟಿಯಾಗಿ ಓದಿ ಹೇಳಬೇಕು. ಬಿಟ್ಟುಹೋದವರು ಅಲ್ಲೇ ಅರ್ಜಿ ತುಂಬಲು ಅನುಕೂಲವಾಗುವಂತೆ ನಮೂನೆ 6ರ ಪ್ರತಿಗಳೂ, ಬರೆದುಕೊಡಲು ಒಬ್ಬರು ಶಿಕ್ಷಕರೂ ಆ ಹೊತ್ತಿನಲ್ಲಿ ಅಲ್ಲಿರಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ತುಮಕೂರು ಜಿಲ್ಲೆ